ಮೂರನೆಯದರ ತೂಕ

ಬೆಳಿಗ್ಗೆ ಐದೂವರೆಗೆ ಟ್ಯಾಂಕು ಹತ್ತುತ್ತೇನೆ.
ಅರವತ್ತೆರಡು ಮೆಟ್ಟಿಲು. ಮುಚ್ಚಳ ಸರಿಸಿ, ಟಾರ್ಚು ಬಿಟ್ಟು
ನೀರೆಷ್ಟಿದೆ ನೋಡುವುದು ನನ್ನ ಕೆಲಸ.
ಸಣಬಿನಕೊಪ್ಪಲಿನ ನೀರುಗಂಟಿ ನಾನು.

ಕಾರ್ತಿಕ ಕಳೆದ ಮೇಲೆ ಇನ್ನೊಂದು ಕೆಲಸ ಹುಟ್ಟಿತು.
ಪಕ್ಕದ ಹಿಪ್ಪೆಮರದ ನೆತ್ತಿಯಲ್ಲಿ,
ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ,
ಕರಿಕೊಕ್ಕರೆ ಜೋಡಿಯೊಂದು ಕಡ್ಡಿ ತಂದು ಪೇರಿಸಿತು.
ಮದ್ದೂರಿನಿಂದ ದುರ್ಬೀನು ಹಿಡಿದು ಬಂದ ಹುಡುಗರು
"ಬಿಳಿಕತ್ತಿನ ಕೊಕ್ಕರೆ" ಎಂದು ನನ್ನನ್ನು ತಿದ್ದಿದರು.
ಇರಲಿ. ನಮ್ಮ ಕಣ್ಣಿಗೆ ಅದು ಕಪ್ಪೇ,
ಕತ್ತಿಗೆ ಬಿಳಿ ವಲ್ಲಿ ಸುತ್ತಿಕೊಂಡು
ನ್ಯಾಯಕ್ಕೆ ಬಂದು ಕೂತ ಯಜಮಾನನ ಹಾಗೆ.

ಗಂಡು ಯಾವುದು, ಹೆಣ್ಣು ಯಾವುದು, ಕೊನೆಗೂ ತಿಳಿಯಲಿಲ್ಲ.
ಬಂದದ್ದು ಕೊಕ್ಕು ಮೇಲೆತ್ತಿ ಕಟಕಟ ಎನ್ನುತ್ತಿತ್ತು,
ಕೂತದ್ದು ಮೈಮುರಿದು ಎದ್ದು ಜಾಗ ಬಿಡುತ್ತಿತ್ತು.
ಸಕ್ಕರೆ ಕಾರ್ಖಾನೆಯ ಪಾಳಿಯೇ, ಸೈರನ್ ಒಂದಿಲ್ಲ.

ಧನುರ್ಮಾಸದ ಚಳಿಯಲ್ಲಿ ಮೂರು ಮರಿ:
ಬೂದಿಯಲ್ಲಿ ಹೊರಳಿದ ಹತ್ತಿಯುಂಡೆಗಳು.
ನಾಲೆಯಲ್ಲಿ ನೀರಿದ್ದಷ್ಟು ದಿನ ಏಡಿ, ಕಪ್ಪೆ,
ಒಮ್ಮೆ ಒಂದು ನೀರುಹಾವು, ಅರ್ಧ ಜೀವದ್ದು.
ತಾಯಿಯೋ ತಂದೆಯೋ ಗೂಡಿನ ನಡುವೆ ಕಕ್ಕಿದರೆ
ದೊಡ್ಡವೆರಡು ಮುಗಿಬೀಳುತ್ತಿದ್ದವು,
ಸಣ್ಣದು ಅವುಗಳ ಬೆನ್ನು ನೋಡುತ್ತಿತ್ತು.
ಬಿಸಿಲೇರಿದ ಮೇಲೆ ಗಂಟಲಲ್ಲಿ ನೀರು ತಂದು
ಮರಿಗಳ ಮೈಮೇಲೆ ಸುರಿಯುವುದನ್ನು ಕಂಡೆ.
ಅವತ್ತು ಗೌರವ ಬಂತು. ಇದೂ ನೀರುಗಂಟಿಯೇ,
ಪಂಚಾಯ್ತಿ ಸಂಬಳವಿಲ್ಲ ಅಷ್ಟೆ.
ಸಂಬಳ ನನಗೂ ಮೂರು ತಿಂಗಳಿಂದ ಬಂದಿಲ್ಲ.

ರಾತ್ರಿ ಮುದ್ದೆ ಇಕ್ಕುತ್ತಾ ನಿಂಗಾಜಮ್ಮ ಕೇಳುತ್ತಿದ್ದಳು:
"ಆ ಸಣ್ದು ಏನಾರ ಉಂಡ್ತಾ?"
ಅಂಗನವಾಡಿಯವಳು. ಇಪ್ಪತ್ತೆರಡು ವರ್ಷ
ಊರ ಕೂಸುಗಳನ್ನು ಜೋಲಿಯಲ್ಲಿ ತೂಗುಹಾಕಿ
ಹಸಿರು, ಹಳದಿ, ಕೆಂಪು ಪಟ್ಟಿಗಳಲ್ಲಿ ಚುಕ್ಕಿ ಇಟ್ಟವಳು.
ಕೆಂಪಿಗೆ ಬಿದ್ದ ಕೂಸಿನ ಮನೆಗೆ ಮೊಟ್ಟೆ ಹಿಡಿದು ಹೋಗಿ
ಅದು ನುಂಗುವ ತನಕ ಎದುರಿಗೇ ಕೂರುವವಳು.
"ಉಂಡಿತು" ಎಂದು ಎರಡು ಸಲ ಸುಳ್ಳು ಹೇಳಿದೆ.

ಸಂಕ್ರಾಂತಿ ಕಳೆದು ನಾಲೆ ನಿಲ್ಲಿಸಿದರು.
ಗದ್ದೆಯ ಕೆಸರು ಬಿರಿಯಿತು. ಹಕ್ಕಿಗಳು ಶಿಂಷಾ ಕಡೆ
ದೂರ ಹೋಗಿ, ತಡವಾಗಿ, ಹಗುರಾಗಿ ಬಂದವು.

ಮಂಗಳವಾರ. ವಾಲ್ವು ತಿರುಗಿಸಲು ಇಳಿಯಬೇಕಿತ್ತು, ಇಳಿಯಲಿಲ್ಲ.
ಬಂದ ಹಕ್ಕಿ ಕಕ್ಕಿದ್ದು ಎರಡು ಏಡಿ.
ಆಮೇಲೆ ಸಣ್ಣದರ ಕತ್ತನ್ನು ಕೊಕ್ಕಲ್ಲಿ ಹಿಡಿದು
ಕಡ್ಡಿಯೊಂದನ್ನು ಸರಿಪಡಿಸುವಷ್ಟೇ ನಿಧಾನಕ್ಕೆ
ಅಂಚಿನ ತನಕ ಒಯ್ದು
ಬಿಟ್ಟಿತು.
ಬಿಸಾಡಲಿಲ್ಲ. ಬಿಟ್ಟಿತು.
ತಿರುಗಿ ಬಂದು ಉಳಿದೆರಡಕ್ಕೆ ರೆಕ್ಕೆಯ ನೆರಳು ಹಿಡಿಯಿತು.

"ಹೇಯ್" ಎಂದೆ. ಯಾರಿಗೆ ಎಂದೆನೋ.
ಕೆಳಗೆ, ಹಿಪ್ಪೆಯ ತರಗಿನಲ್ಲಿ, ಅದಿನ್ನೂ ಬೆಚ್ಚಗಿತ್ತು.
ಉಸಿರಿರಲಿಲ್ಲ.
ನನ್ನ ವಲ್ಲಿಯಲ್ಲಿ ಸುತ್ತಿ ಅಂಗನವಾಡಿಗೆ ಒಯ್ದೆ,
ಬೇರೆಲ್ಲಿಗೆ ಒಯ್ಯಬೇಕೆಂದು ತಿಳಿಯದೆ.

ನಿಂಗಾಜಮ್ಮ ಮಕ್ಕಳನ್ನು ಒಳಗೆ ಕಳಿಸಿದಳು.
ಏನೂ ಕೇಳಲಿಲ್ಲ. ಜೋಲಿ ಬಿಚ್ಚಿಟ್ಟು
ವಲ್ಲಿಯ ಗಂಟನ್ನೇ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದಳು.
ಮುಳ್ಳು ನಡುಗಿ ನಿಂತಿತು.
ಕನ್ನಡಕ ಹಣೆಗೇರಿಸಿ, ಬಗ್ಗಿ, ಹತ್ತಿರದಿಂದ ನೋಡಿದಳು.
"ಬಟ್ಟೆ ತೂಕ ಕಳದ್ರೆ ಮುನ್ನೂರು ಗ್ರಾಮು."
ಸ್ವಲ್ಪ ಹೊತ್ತು ಬಿಟ್ಟು,
"ಸುಳ್ ಯೋಳ್ತಿದ್ದೆ ಕನಾ ನೀನು."

ಎರಡು ದಿನ ಗೂಡಿನ ಕಡೆ ಬೆನ್ನು ಮಾಡಿಯೇ ನೀರು ನೋಡಿದೆ.
ಮೂರನೆಯ ದಿನ, ಮಂಡಿನೋವಿನವಳು,
ಎತ್ತರವೆಂದರೆ ಅಟ್ಟವನ್ನೂ ಹತ್ತದವಳು,
ನನ್ನ ಹಿಂದೆ ಅರವತ್ತೆರಡು ಮೆಟ್ಟಿಲು ಹತ್ತಿ ಬಂದಳು.
ಕಂಬಿ ಹಿಡಿದು ನಿಂತಳು. ಹಕ್ಕಿ ಬಂತು, ಕಕ್ಕಿತು.
ಎರಡೂ ತಿಂದವು. ಕೊಕ್ಕು ಖಾಲಿಯಾದ ದೊಡ್ಡದು
ಒಣಗಿದ ಗದ್ದೆಯ ಕಡೆ ನೋಡುತ್ತಾ ನಿಂತಿತು.

"ಅದ್ರ ಮನೇಗೆ ಯಾರ್ ತಕ್ಕೊಂಡೋದ್ರು ಮೊಟ್ಟೆಯ?"
ಎಂದಳು, ನನ್ನನ್ನಲ್ಲ.

ನಾನು ವಾಲ್ವಿಗೆ ಇಳಿದೆ.
ಪಡುವಲ ಬೀದಿಯವರು ಬಿಂದಿಗೆ ಇಟ್ಟುಕೊಂಡು
ಆಗಲೇ ಬೈಯುತ್ತಿದ್ದರು.